ಹಿಮದ ಬೆಟ್ಟಕ್ಕೆ ಹೊರಡುವ ಮುನ್ನ: ಹಿಮಕುಸಿತದ ಬಗ್ಗೆ ತಿಳಿದಿರಬೇಕಾದ ಸಂಗತಿಗಳು



ಥ್ಯಾಂಕ್ಸ್‌ಗಿವಿಂಗ್ ಮುಗಿಯುತ್ತಿದ್ದಂತೆ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ: "ಈ ಸಲ ಸ್ನೋ ನೋಡೋಕೆ ಎಲ್ಲಿಗೆ?" ಲಾಸ್ ಏಂಜಲೀಸಿನವರು ಬಿಗ್ ಬೇರ್, ರೈಟ್‌ವುಡ್, ಮೌಂಟ್ ಬಾಲ್ಡಿ ಎನ್ನುತ್ತಾರೆ. ಸ್ಯಾನ್ ಡಿಯಾಗೋದವರು ಮೌಂಟ್ ಲಗೂನಾ, ಜೂಲಿಯನ್, ಪಾಲೋಮಾರ್ ಎನ್ನುತ್ತಾರೆ. ಸ್ಕೀ ಕಲಿತ ಮಕ್ಕಳಿರುವವರು ಹೈವೇ 395 ಹಿಡಿದು ಮ್ಯಾಮತ್‌ವರೆಗೂ ಹೋಗುತ್ತಾರೆ. ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಿದ್ದರಂತೂ ಪುಳಿಯೋಗರೆ, ಮೊಸರನ್ನದ ಡಬ್ಬಿಗಳ ಸಮೇತ ಹೊರಟೇಬಿಡುತ್ತೇವೆ. ಹೋಗಲೇಬೇಕು, ಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಆದರೆ ಮಳೆ, ಹೊಳೆ, ಕಡಲು ಇವುಗಳ ಅಪಾಯ ನಮಗೆ ಹುಟ್ಟಿನಿಂದ ಗೊತ್ತು. ಹಿಮದ ಅಪಾಯವನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಲು ಈ ಲೇಖನ.

ಮೊದಲು ಹೆಸರಿನ ವಿಷಯ

ಕನ್ನಡದಲ್ಲಿ ಆಕಾಶದಿಂದ ಹಿಮ ಬೀಳುವುದಕ್ಕೂ "ಹಿಮಪಾತ" ಎನ್ನುತ್ತೇವೆ, ಬೆಟ್ಟದಿಂದ ಹಿಮ ಜಾರಿ ಬೀಳುವುದಕ್ಕೂ ಪತ್ರಿಕೆಗಳು ಎಷ್ಟೋ ಸಲ "ಹಿಮಪಾತ" ಎಂದೇ ಬರೆಯುತ್ತವೆ. ಮೊದಲನೆಯದು ಸಂತೋಷದ ಸುದ್ದಿ, ಎರಡನೆಯದು ಸಾವಿನ ಸುದ್ದಿ! ಗೊಂದಲ ಬೇಡವೆಂದು ಇಲ್ಲಿ ಅವಲಾಂಚ್ ಎಂಬುದಕ್ಕೆ "ಹಿಮಕುಸಿತ" ಎಂದೇ ಬಳಸಿದ್ದೇನೆ. ಮಲೆನಾಡಿನ ಗುಡ್ಡ ಕುಸಿತವನ್ನು ನೆನೆದುಕೊಂಡರೆ ಅರ್ಥವಾಗುವುದು ಸುಲಭ. ಅಲ್ಲಿ ನೀರು ಕುಡಿದ ಮಣ್ಣು ಜಾರುತ್ತದೆ, ಇಲ್ಲಿ ಪದರ ಪದರವಾಗಿ ಕೂತ ಹಿಮ ಜಾರುತ್ತದೆ.

ಕನ್ನಡಿಗರು ಮರೆಯಲಾಗದ ಘಟನೆಗಳು

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೇನಾ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಅದರಡಿ ಹೂತುಹೋದರು. ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಲ್ಲಿದ್ದರು. ಸುಮಾರು 25 ಅಡಿ ಹಿಮದಡಿಯಿಂದ ಆರನೆಯ ದಿನ ಹನುಮಂತಪ್ಪನವರನ್ನು ಜೀವಂತವಾಗಿ ಹೊರತೆಗೆದಾಗ ಇಡೀ ನಾಡು ದೇವರಿಗೆ ಕೈಮುಗಿಯಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ಡಾಂಡಾ ಪರ್ವತದಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ ಹಿಮಕುಸಿತಕ್ಕೆ ಸಿಕ್ಕಿತು. ಸತ್ತವರಲ್ಲಿ ಕರ್ನಾಟಕದವರೂ ಇದ್ದರು. ಚಳಿಗಾಲ ಇನ್ನೂ ಶುರುವೇ ಆಗಿರಲಿಲ್ಲ ಎಂಬುದನ್ನು ಗಮನಿಸಿ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ತ್ರತಾಲ್ ಚಾರಣದಲ್ಲಿ ಕರ್ನಾಟಕದ ಒಂಬತ್ತು ಮಂದಿ ಜೀವ ಕಳೆದುಕೊಂಡರು. ಅಲ್ಲಿ ಕುಸಿತವಿರಲಿಲ್ಲ. ಹಿಮಗಾಳಿ, ಕೊರೆಯುವ ಚಳಿ, ದಾರಿ ಕಾಣದ ಸ್ಥಿತಿ, ಇಷ್ಟೇ ಸಾಕಾಯಿತು.

ನಮ್ಮ ಹಿತ್ತಲಿನ ಬೆಟ್ಟಗಳಲ್ಲಿ

"ಅದು ಹಿಮಾಲಯ, ಇಲ್ಲೇನು?" ಎನ್ನಬೇಡಿ. 2008ರ ಜನವರಿ 25ರಂದು ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಗೇಬ್ರಿಯಲ್ ಪರ್ವತಗಳಲ್ಲಿ, ರೈಟ್‌ವುಡ್ ಹತ್ತಿರ, ಒಂದೇ ದಿನದ ಹಿಮಕುಸಿತಗಳಲ್ಲಿ ಮೂವರು ಸತ್ತರು. ಅವರಲ್ಲಿ ನಟ ಕ್ರಿಸ್ಟೋಫರ್ ಆಲ್‌ಪೋರ್ಟ್ ಒಬ್ಬರು, ಸ್ಕೀ ಪೆಟ್ರೋಲ್ ಕೆಲಸ ಬಲ್ಲವರೂ ಇದ್ದರು. ಬೆಟ್ಟದ ಪರಿಚಯವಿದ್ದ ಮಾತ್ರಕ್ಕೆ ಬೆಟ್ಟ ರಿಯಾಯಿತಿ ಕೊಡುವುದಿಲ್ಲ.

2023ರ ಜನವರಿ 13ರಂದು ಮೌಂಟ್ ಬಾಲ್ಡಿಗೆ ಹೋದ ಬ್ರಿಟಿಷ್ ನಟ ಜೂಲಿಯನ್ ಸ್ಯಾಂಡ್ಸ್ ಹಿಂದಿರುಗಲಿಲ್ಲ. ಅವರ ಅವಶೇಷ ಸಿಕ್ಕಿದ್ದು ಜೂನ್ ತಿಂಗಳಲ್ಲಿ, ಹಿಮ ಕರಗಿದ ಮೇಲೆ. ಅದೇ ವರ್ಷ ಫೆಬ್ರವರಿ ಕೊನೆಯಲ್ಲಿ ಸ್ಯಾನ್ ಬರ್ನಾರ್ಡಿನೋ ಪರ್ವತಗಳ ಮೇಲೆ ಎಷ್ಟು ಹಿಮ ಬಿತ್ತೆಂದರೆ ಕ್ರೆಸ್ಟ್‌ಲೈನ್, ಲೇಕ್ ಆರೋಹೆಡ್, ಬಿಗ್ ಬೇರ್ ಕಡೆಯ ಜನ ದಿನಗಟ್ಟಲೆ ಮನೆಯಲ್ಲೇ ಸಿಕ್ಕಿಹಾಕಿಕೊಂಡರು. ಛಾವಣಿಗಳು ಕುಸಿದವು, ರಾಜ್ಯ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು.

2024ರ ಜನವರಿ 10ರಂದು ಟಾಹೋ ಬಳಿಯ ಪ್ಯಾಲಿಸೇಡ್ಸ್ ರೆಸಾರ್ಟಿನ ಒಳಗೇ ಹಿಮ ಕುಸಿದು ಒಬ್ಬರು ಸತ್ತರು. ಕೆಟಿ-22 ಎಂಬ ಆ ಲಿಫ್ಟ್ ಆ ವರ್ಷ ಮೊದಲ ಸಲ ತೆರೆದದ್ದು ಅಂದೇ ಬೆಳಿಗ್ಗೆ. ರೆಸಾರ್ಟಿನ ಒಳಗೆ ಅಪಾಯ ಬಹಳ ಕಡಿಮೆ, ಏಕೆಂದರೆ ಅಲ್ಲಿ ಪೆಟ್ರೋಲ್ ಸಿಬ್ಬಂದಿ ಸ್ಫೋಟಕ ಹಾಕಿ ಹಿಮವನ್ನು ಮೊದಲೇ ಬೀಳಿಸಿರುತ್ತಾರೆ. ಆದರೂ ಅದು ಸೊನ್ನೆಯಲ್ಲ.

ಹಿಮ ಜಾರುವುದು ಹೇಗೆ?

ನೆಲದ ಮೇಲಿನ ಹಿಮ ಒಂದೇ ಮುದ್ದೆಯಲ್ಲ. ಪ್ರತಿ ಸಲ ಬಿದ್ದ ಹಿಮ ಒಂದೊಂದು ಪದರವಾಗಿ, ಚಿರೋಟಿಯ ಹಾಗೆ ಒಂದರ ಮೇಲೊಂದು ಕೂರುತ್ತದೆ. ಒಂದು ಪದರ ಬಿಸಿಲಿಗೆ ಕರಗಿ ಗಟ್ಟಿಯಾಗಿರುತ್ತದೆ, ಇನ್ನೊಂದು ಪುಡಿಪುಡಿಯಾಗಿರುತ್ತದೆ, ಮತ್ತೊಂದನ್ನು ಗಾಳಿ ತಂದು ಒತ್ತಿ ಹಲಗೆಯಂತೆ ಮಾಡಿರುತ್ತದೆ. ಅತ್ಯಂತ ಅಪಾಯಕಾರಿ ಕುಸಿತ ಆಗುವುದು ಗಟ್ಟಿ ಹಲಗೆಯಂಥ ಪದರ ಮೇಲಿದ್ದು, ಅದರ ಕೆಳಗೆ ದುರ್ಬಲ ಪದರ ಇದ್ದಾಗ. ಓರೆಯಾಗಿಟ್ಟ ಮೇಜಿನ ಮೇಲೆ ರಾಗಿ ಹರಡಿ, ಅದರ ಮೇಲೆ ಒಂದು ಹಲಗೆ ಇಟ್ಟಿದ್ದೀರಿ ಎಂದುಕೊಳ್ಳಿ. ಹಲಗೆ ಸದ್ಯಕ್ಕೆ ನಿಂತಿದೆ. ಯಾರಾದರೂ ಅದರ ಮೇಲೆ ಕಾಲಿಟ್ಟರೆ? ಅಷ್ಟೇ.

ಇದಕ್ಕೆ ನಾಲ್ಕು ಸಂಗತಿಗಳು ಕೂಡಿ ಬರಬೇಕು: ಕಡಿದಾದ ಇಳಿಜಾರು, ಹಲಗೆಯಂಥ ಮೇಲ್ಪದರ, ಅದರಡಿ ದುರ್ಬಲ ಪದರ, ಮತ್ತು ಅದನ್ನು ಕದಲಿಸುವ ಭಾರ. ಸಾವು ಸಂಭವಿಸಿದ ಅಪಘಾತಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಸಲ ಆ ಭಾರ ಸತ್ತವರದೇ ಅಥವಾ ಅವರ ಜೊತೆಗಾರರದೇ ಆಗಿರುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಕೂಗಿದರೆ ಹಿಮ ಬೀಳುವುದಿಲ್ಲ, ಕಾಲಿಟ್ಟರೆ ಬೀಳುತ್ತದೆ. ಇದು ಕೆಟ್ಟ ಸುದ್ದಿಯೂ ಹೌದು, ಒಳ್ಳೆಯ ಸುದ್ದಿಯೂ ಹೌದು. ನಾವು ಅಲ್ಲಿ ಕಾಲಿಡದಿದ್ದರೆ ಹೆಚ್ಚಿನ ಅಪಘಾತಗಳು ಆಗುವುದೇ ಇಲ್ಲ! ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 25ರಿಂದ 30 ಮಂದಿ ಹಿಮಕುಸಿತಕ್ಕೆ ಬಲಿಯಾಗುತ್ತಾರೆ.

ಚಳಿಗಾಲದ ಆರಂಭದಲ್ಲೇ ಅಪಾಯವೇಕೆ?

"ಇನ್ನೂ ಹಿಮವೇ ಹೆಚ್ಚಿಲ್ಲ, ಕುಸಿಯಲು ಏನಿದೆ?" ಎಂದು ನವೆಂಬರ್, ಡಿಸೆಂಬರ್‌ನಲ್ಲಿ ಅನ್ನಿಸುವುದು ಸಹಜ. ಆದರೆ ತೆಳುವಾದ ಹಿಮವೇ ಮುಂದಿನ ತೊಂದರೆಯ ಬೀಜ.

ನೆಲ ಬೇಸಿಗೆಯ ಕಾವನ್ನು ಹಿಡಿದಿಟ್ಟಿರುವುದರಿಂದ ಹಿಮದ ತಳದ ಉಷ್ಣಾಂಶ ಸುಮಾರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಮೋಡವಿಲ್ಲದ ರಾತ್ರಿ ಮೇಲ್ಮೈ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗಬಹುದು. ಹಿಮ ಎರಡು ಮೀಟರ್ ದಪ್ಪವಿದ್ದರೆ ಈ ವ್ಯತ್ಯಾಸ ನಿಧಾನವಾಗಿ ಹಂಚಿಹೋಗುತ್ತದೆ. ಅರ್ಧ ಮೀಟರ್ ಮಾತ್ರ ಇದ್ದರೆ ಪ್ರತಿ 10 ಸೆಂಟಿಮೀಟರಿಗೆ ಎರಡು ಡಿಗ್ರಿ ವ್ಯತ್ಯಾಸವಾಗುತ್ತದೆ. ಪ್ರತಿ 10 ಸೆಂಟಿಮೀಟರಿಗೆ ಒಂದು ಡಿಗ್ರಿ ದಾಟಿದರೆ ಸಾಕು, ತಳದ ನೀರಾವಿ ಮೇಲೇರುತ್ತಾ ಹಿಮದ ಕಣಗಳನ್ನು ಮೂಲೆಗಳುಳ್ಳ ಒರಟು ಹರಳುಗಳಾಗಿ ಬದಲಿಸತೊಡಗುತ್ತದೆ. ಕೈಗೆ ತೆಗೆದುಕೊಂಡರೆ ದಪ್ಪ ಸಕ್ಕರೆಯಂತೆ ಬೆರಳ ಸಂದಿನಿಂದ ಸುರಿದುಹೋಗುತ್ತದೆ, ಉಂಡೆ ಕಟ್ಟಲು ಬರುವುದಿಲ್ಲ. ಇಲ್ಲಿನವರು ಅದನ್ನು "ಶುಗರ್ ಸ್ನೋ" ಎಂದೇ ಕರೆಯುತ್ತಾರೆ.

ಮೊದಲ ಹಿಮ ಬಿದ್ದು, ಆಮೇಲೆ ಎರಡು ಮೂರು ವಾರ ಒಣ ಹವೆಯಿದ್ದು, ನಂತರ ಕ್ರಿಸ್‌ಮಸ್ ಹೊತ್ತಿಗೆ ದೊಡ್ಡ ಬಿರುಗಾಳಿ ಬಂದರೆ ಏನಾಗುತ್ತದೆ? ಆ ಸಕ್ಕರೆಯ ಮೇಲೆ ಹೊಸ ಹಲಗೆ ಕೂರುತ್ತದೆ. ರಜೆ ಸಿಕ್ಕ ಸಂತೋಷದಲ್ಲಿ ನಾವೆಲ್ಲ ಬೆಟ್ಟ ಹತ್ತುವುದೂ ಆಗಲೇ. ಸಿಯೆರಾ ಪರ್ವತಗಳ ಎತ್ತರದ, ಉತ್ತರಕ್ಕೆ ಮುಖಮಾಡಿದ, ನೆರಳಿನ ಇಳಿಜಾರುಗಳಲ್ಲಿ ಈ ತೊಂದರೆ ಹೆಚ್ಚು. ಜೊತೆಗೆ ತೆಳು ಹಿಮದಡಿ ಬಂಡೆ, ಕೊರಡುಗಳು ಮುಚ್ಚಿಹೋಗಿ ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಕುಸಿತವೊಂದು ನಿಮ್ಮನ್ನು ಹೂಳದಿದ್ದರೂ ಬಂಡೆಗಳ ಮೇಲೆ ಎಳೆದೊಯ್ದು ಜೀವ ತೆಗೆಯಬಹುದು.

ದಕ್ಷಿಣ ಕ್ಯಾಲಿಫೋರ್ನಿಯಾದ ವಿಶೇಷ: ಗಾಳಿ ಮತ್ತು ಮಂಜುಗಡ್ಡೆ

ನಮ್ಮ ಕಡೆಯ ಬೆಟ್ಟಗಳು ಎತ್ತರದಲ್ಲೇನೂ ಕಡಿಮೆಯಿಲ್ಲ. ಮೌಂಟ್ ಬಾಲ್ಡಿ 10,064 ಅಡಿ, ಸ್ಯಾನ್ ಜಸಿಂಟೋ 10,834 ಅಡಿ, ಸ್ಯಾನ್ ಗೋರ್ಗೋನಿಯೋ 11,503 ಅಡಿ. ಆದರೆ ಹವೆ ಬೆಚ್ಚಗಿನದು. ಒಂದು ವಾರ ಹಿಮ, ಮರುವಾರ ಮಳೆ, ಆಮೇಲೆ ಟೀ ಶರ್ಟಿನ ಬಿಸಿಲು! ಹೀಗಾಗಿ ಇಲ್ಲಿ ಮುಖ್ಯವಾಗಿ ಮೂರು ಅಪಾಯಗಳು.

ಒಂದು, ಬಿರುಗಾಳಿಯ ಸಮಯದಲ್ಲಿ ಮತ್ತು ಮುಗಿದ ಒಂದೆರಡು ದಿನಗಳಲ್ಲಿ ಆಗುವ ಕುಸಿತ. ಗಾಳಿ ಒಂದು ಪಕ್ಕದ ಹಿಮವನ್ನು ಗುಡಿಸಿ ಶಿಖರದ ಆಚೆ ಪಕ್ಕಕ್ಕೆ ತುಂಬುತ್ತದೆ. ಮಳೆಗಾಲದ ಬಿರುಗಾಳಿಗಳು ಹೆಚ್ಚಾಗಿ ನೈಋತ್ಯದಿಂದ ಬರುವುದರಿಂದ ಈಶಾನ್ಯದ ಇಳಿಜಾರುಗಳಲ್ಲಿ ಹಿಮ ಜಮೆಯಾಗುತ್ತದೆ. ಸಾಂಟಾ ಆನಾ ಗಾಳಿ ಬೀಸಿದರೆ ಲೆಕ್ಕ ತಿರುಗಿ, ನೈಋತ್ಯದ ಪಕ್ಕ ತುಂಬುತ್ತದೆ. ಹಿಮ ಬೀಳದ ದಿನವೂ ಗಾಳಿಯೊಂದೇ ಹೊಸ ಹಲಗೆ ಕಟ್ಟಬಲ್ಲದು.

ಎರಡು, ಬಿಸಿಲೇರಿದ ಮೇಲೆ ಬಂಡೆಗಳ ಕೆಳಗೆ, ದಕ್ಷಿಣದ ಇಳಿಜಾರುಗಳಲ್ಲಿ ಒದ್ದೆ ಹಿಮ ಜಾರುವುದು. ಇಳಿಜಾರಿನಲ್ಲಿ ಹಿಮದ ಉಂಡೆಗಳು ತಾವಾಗಿಯೇ ಉರುಳತೊಡಗಿದರೆ ಅಲ್ಲಿಂದ ಹೊರಡುವ ಸಮಯ ಬಂತೆಂದು ತಿಳಿಯಿರಿ.

ಮೂರು, ಮಂಜುಗಡ್ಡೆ. ಹಗಲು ಕರಗಿದ ಹಿಮ ರಾತ್ರಿ ಗಾಜಿನಂತೆ ಗಟ್ಟಿಯಾಗುತ್ತದೆ. ಮೌಂಟ್ ಬಾಲ್ಡಿಯ ಬೌಲ್, ಡೆವಿಲ್ಸ್ ಬ್ಯಾಕ್‌ಬೋನ್ ದಾರಿಗಳಲ್ಲಿ ಒಮ್ಮೆ ಕಾಲು ಜಾರಿದರೆ ನೂರಾರು ಅಡಿ ಕೆಳಗೆ ಹೋಗಿಯೇ ನಿಲ್ಲುವುದು. ಬೇಸಿಗೆಯಲ್ಲಿ ಮಕ್ಕಳೊಂದಿಗೆ ಹತ್ತಿ ಬಂದ ದಾರಿ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಶೂಗೆ ಹಾಕುವ ಸಣ್ಣ ಮೈಕ್ರೋಸ್ಪೈಕ್ ಸಮತಟ್ಟಾದ ದಾರಿಗೆ ಮಾತ್ರ. ಕಡಿದಾದ ಮಂಜುಗಡ್ಡೆಗೆ ಕ್ರಾಂಪಾನ್, ಐಸ್ ಆಕ್ಸ್ ಬೇಕು, ಅವನ್ನು ಬಳಸುವ ತರಬೇತಿಯೂ ಬೇಕು. ತರಬೇತಿ ಇಲ್ಲದವರಿಗೆ ಚಳಿಗಾಲದ ಬಾಲ್ಡಿ ಶಿಖರ ಬೇಡ.

ಪಾಮ್ ಸ್ಪ್ರಿಂಗ್ಸ್ ಟ್ರಾಮ್‌ವೇ ಇನ್ನೊಂದು ಬಗೆಯ ಮೋಸ ಮಾಡುತ್ತದೆ. 2,643 ಅಡಿಯಲ್ಲಿ ಹತ್ತಿದವರನ್ನು ಕೆಲವೇ ನಿಮಿಷಗಳಲ್ಲಿ 8,516 ಅಡಿಗೆ ಇಳಿಸುತ್ತದೆ. ಕೆಳಗೆ ಚಪ್ಪಲಿಯ ಹವೆ, ಮೇಲೆ ಮೊಣಕಾಲುದ್ದ ಹಿಮ. ರಕ್ತದೊತ್ತಡ, ಹೃದಯದ ತೊಂದರೆ ಇರುವ ಹಿರಿಯರನ್ನು ಕರೆದೊಯ್ಯುವ ಮುನ್ನ ವೈದ್ಯರನ್ನು ಕೇಳಿ.

ಇಳಿಜಾರಿನ ಲೆಕ್ಕ

ಹಲಗೆ ಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಅದಕ್ಕಿಂತ ಕಡಿದಾದರೆ ಹಿಮ ನಿಲ್ಲದೆ ಆಗಾಗ ಸ್ವಲ್ಪಸ್ವಲ್ಪವೇ ಉದುರಿಹೋಗುತ್ತದೆ, ಕಡಿಮೆಯಾದರೆ ಸಾಮಾನ್ಯವಾಗಿ ಜಾರುವುದಿಲ್ಲ. ಅಂದಾಜಿಗೆ, ನಮ್ಮ ಮನೆಯ ಮಹಡಿ ಮೆಟ್ಟಿಲು ಸುಮಾರು 35 ಡಿಗ್ರಿ ಇರುತ್ತದೆ. ಬೆಟ್ಟದ ಪಕ್ಕ ಮೆಟ್ಟಿಲಿನಷ್ಟು ಕಡಿದಾಗಿ ಕಂಡರೆ ಅದು ಅನುಮಾನದ ಜಾಗ. ಫೋನಿನಲ್ಲಿರುವ ಲೆವೆಲ್ ಆಪ್‌ನಿಂದ ಅಳೆಯಬಹುದು. ಕ್ಯಾಲ್‌ಟೋಪೋದಂಥ ನಕ್ಷೆಗಳಲ್ಲಿ ಇಳಿಜಾರನ್ನು ಬಣ್ಣದಲ್ಲಿ ತೋರಿಸುವ ಸೌಲಭ್ಯವೂ ಇದೆ. ಆದರೆ ಆ ಬಣ್ಣ ಬರುವುದು ಚೌಕ ಚೌಕವಾಗಿ ಅಳೆದ ಎತ್ತರದ ಅಂಕಿಅಂಶದಿಂದ. ಚೌಕಕ್ಕಿಂತ ಸಣ್ಣದಾದ ಕಡಿದು ಜಾಗ ಅದರ ಸರಾಸರಿಯಲ್ಲಿ ಮರೆಯಾಗಿಬಿಡುತ್ತದೆ. ನಕ್ಷೆಯಲ್ಲಿ ಬಣ್ಣವಿಲ್ಲ ಎಂದರೆ ಅಪಾಯವಿಲ್ಲ ಎಂದಲ್ಲ.

ಇನ್ನೂ ಮುಖ್ಯವಾದದ್ದು: ನೀವು ನಿಂತ ಜಾಗ ಸಮತಟ್ಟಾಗಿದ್ದರೆ ಸಾಲದು, ನಿಮ್ಮ ತಲೆಯ ಮೇಲೆ ಏನಿದೆ ನೋಡಿ. ಮೇಲಿಂದ ಜಾರಿದ ಒಣ ಹಿಮ ಗಂಟೆಗೆ 60ರಿಂದ 80 ಮೈಲಿ ವೇಗ ಪಡೆಯಬಲ್ಲದು, ಕೆಳಗಿನ ಬಯಲಿಗೂ ನುಗ್ಗಬಲ್ಲದು. ಕಡಿದು ಇಳಿಜಾರಿನ ನಡುವೆ ಮರಗಳಿಲ್ಲದ ಉದ್ದನೆಯ ಪಟ್ಟಿ ಕಂಡರೆ ಅದು ಹಿಂದೆ ಕುಸಿದ ದಾರಿಯಾಗಿರಬಹುದು. ಅದರ ಬುಡದಲ್ಲಿ ಸ್ಲೆಡ್ ಆಡುವುದು, ಊಟಕ್ಕೆ ಕೂರುವುದು ಬೇಡ.

ಬೆಟ್ಟವೇ ಕೊಡುವ ಎಚ್ಚರಿಕೆ

ಹತ್ತಿರದಲ್ಲಿ ಹೊಸದಾಗಿ ಜಾರಿದ ಹಿಮ ಕಂಡರೆ; ಕಾಲಿಟ್ಟಾಗ "ಧಬ್" ಎಂಬ ಶಬ್ದದೊಂದಿಗೆ ಹಿಮ ಕುಸಿದಂತಾದರೆ; ಪಾದದಿಂದ ಬಿರುಕು ಓಡಿಹೋದರೆ; ಕಳೆದ 24 ಗಂಟೆಗಳಲ್ಲಿ ಭಾರಿ ಹಿಮ ಅಥವಾ ಹಿಮದ ಮೇಲೆ ಮಳೆ ಬಿದ್ದಿದ್ದರೆ; ಗಾಳಿ ಹಿಮವನ್ನು ಶಿಖರದಿಂದ ಬಾವುಟದಂತೆ ಹಾರಿಸುತ್ತಿದ್ದರೆ; ಇದ್ದಕ್ಕಿದ್ದಂತೆ ಸೆಕೆಯಾದರೆ: ಇವುಗಳಲ್ಲಿ ಯಾವುದೊಂದು ಕಂಡರೂ ಕಡಿದು ಇಳಿಜಾರಿನಿಂದ ದೂರ ಸರಿಯಿರಿ. "ಇಷ್ಟು ದೂರ ಬಂದಿದ್ದೇವೆ, ಇನ್ನೊಂದು ಸ್ವಲ್ಪ" ಎಂಬ ಮಾತೇ ಬಹಳ ಜನರನ್ನು ಕೊಂದಿದೆ. ಬೇರೆಯವರ ಹೆಜ್ಜೆ ಗುರುತು ಇದ್ದರೂ ಅದು ಸುರಕ್ಷತೆಯ ಪ್ರಮಾಣಪತ್ರವಲ್ಲ.

ಮುನ್ಸೂಚನೆ ಎಲ್ಲಿ ನೋಡಬೇಕು?

ಅವಲಾಂಚ್ ಡಾಟ್ ಆರ್ಗ್ ಎಂಬ ತಾಣದಲ್ಲಿ ಇಡೀ ಅಮೆರಿಕದ ನಕ್ಷೆ ಸಿಗುತ್ತದೆ. ಮ್ಯಾಮತ್ ಕಡೆಗೆ ಈಸ್ಟರ್ನ್ ಸಿಯೆರಾ ಅವಲಾಂಚ್ ಸೆಂಟರ್, ಟಾಹೋ ಕಡೆಗೆ ಸಿಯೆರಾ ಅವಲಾಂಚ್ ಸೆಂಟರ್ ಚಳಿಗಾಲದಲ್ಲಿ ಮುನ್ಸೂಚನೆ ಕೊಡುತ್ತವೆ. ಹವಾಮಾನಕ್ಕೆ ನ್ಯಾಷನಲ್ ವೆದರ್ ಸರ್ವಿಸ್ ನೋಡಿ. ಬಿಗ್ ಬೇರ್, ಸ್ಯಾನ್ ಜಸಿಂಟೋ, ಲಗೂನಾ ಬೆಟ್ಟಗಳು ಅದರ ಸ್ಯಾನ್ ಡಿಯಾಗೋ ಕಚೇರಿಗೆ ಸೇರಿವೆ.

ಅಪಾಯದ ಮಟ್ಟ ಐದು: ಲೋ, ಮಾಡರೇಟ್, ಕನ್ಸಿಡರಬಲ್, ಹೈ, ಎಕ್ಸ್‌ಟ್ರೀಮ್. ಮೂರನೆಯದಾದ ಕನ್ಸಿಡರಬಲ್ ಎಂದರೆ "ಐದಕ್ಕೆ ಮೂರು, ಪರವಾಗಿಲ್ಲ" ಎಂದು ಪರೀಕ್ಷೆಯ ಅಂಕದಂತೆ ಓದಬೇಡಿ. ಮನುಷ್ಯರ ಭಾರಕ್ಕೆ ಹಿಮ ಕುಸಿಯುವ ಸಂಭವ ಹೆಚ್ಚು ಎಂದು ಅದರ ಅರ್ಥ. ನಾಲ್ಕು, ಐದು ಇದ್ದಾಗ ಜನ ಹೆದರಿ ಮನೆಯಲ್ಲಿರುತ್ತಾರೆ, ಮೂರಿದ್ದಾಗ ಹೊರಡುತ್ತಾರೆ. ಅದಕ್ಕೇ ಸಾವುಗಳು ಈ ಮಟ್ಟದಲ್ಲಿ ಬಹಳ.

ಹೂತವರನ್ನು ಉಳಿಸುವ ಹತ್ತು ನಿಮಿಷ

ಜಾರುವಾಗ ನೀರಿನಂತಿದ್ದ ಹಿಮ ನಿಂತ ಕ್ಷಣ ಕಾಂಕ್ರೀಟಿನಂತಾಗುತ್ತದೆ. ಹೂತವರಿಗೆ ಬೆರಳು ಅಲ್ಲಾಡಿಸಲೂ ಆಗುವುದಿಲ್ಲ. ಅವರು ಬಿಟ್ಟ ಉಸಿರೇ ಮುಖದ ಸುತ್ತ ತುಂಬಿ ಉಸಿರುಗಟ್ಟುತ್ತದೆ. ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಹೆಚ್ಚಿನವರು ಬದುಕುವುದಿಲ್ಲ. ಹನುಮಂತಪ್ಪನವರು ಆರು ದಿನ ಉಸಿರು ಹಿಡಿದದ್ದು ಅವರ ಸುತ್ತ ಗಾಳಿ ನಿಲ್ಲಲು ಜಾಗವಿದ್ದುದರಿಂದ. ಅದು ಅಪರೂಪದಲ್ಲಿ ಅಪರೂಪ.

ಹೆಲಿಕಾಪ್ಟರ್ ಹತ್ತು ನಿಮಿಷದಲ್ಲಿ ಬರುವುದಿಲ್ಲ, ಉಳಿಸಬೇಕಾದವರು ಜೊತೆಗಾರರೇ. ಆದ್ದರಿಂದ ರೆಸಾರ್ಟಿನ ಗಡಿ ದಾಟಿ ಹಿಮಕ್ಕೆ ಹೋಗುವ ಪ್ರತಿಯೊಬ್ಬರ ಬಳಿಯೂ ಮೂರು ವಸ್ತು ಇರಲೇಬೇಕು: 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ ಬೀಕನ್, ಹಿಮ ಚುಚ್ಚಿ ಹುಡುಕುವ ಪ್ರೋಬ್, ಗಟ್ಟಿಯಾದ ಸಲಿಕೆ. ಫೋನ್ ಇದಕ್ಕೆ ಬದಲಿಯಲ್ಲ. ಒಬ್ಬರ ಬಳಿ ಇದ್ದು ಇನ್ನೊಬ್ಬರ ಬಳಿ ಇಲ್ಲದಿದ್ದರೂ ವ್ಯರ್ಥ. ಕಾಲೇಜಿನಲ್ಲಿರುವ ಮಕ್ಕಳು ಸ್ನೇಹಿತರ ಜೊತೆ ಬ್ಯಾಕ್‌ಕಂಟ್ರಿ ಎಂದು ಹೊರಟರೆ ಮೊದಲು ಅವಲಾಂಚ್ ಕೋರ್ಸ್ ಮಾಡಿಸಿ. ಸ್ಕೀ ಕೊಡಿಸುವುದಕ್ಕಿಂತ ಮುಖ್ಯವಾದ ಖರ್ಚು ಅದು.

ಜೊತೆಗಾರರು ಸಿಕ್ಕಿಕೊಂಡರೆ ಕೊನೆಗೆ ಕಂಡ ಜಾಗದ ಮೇಲೆ ಕಣ್ಣಿಡಿ. ಇನ್ನೊಂದು ಕುಸಿತದ ಭಯವಿಲ್ಲವೆಂದು ಖಚಿತಪಡಿಸಿಕೊಂಡು ಕೂಡಲೇ ಹುಡುಕಿ. ಒಬ್ಬರು 911ಕ್ಕೆ ಕರೆ ಮಾಡಲಿ, ಉಳಿದವರು ಹುಡುಕುವುದನ್ನು ನಿಲ್ಲಿಸಬಾರದು. ನೀವೇ ಸಿಕ್ಕಿಕೊಂಡರೆ ಕೂಗಿ ತಿಳಿಸಿ, ಪಕ್ಕಕ್ಕೆ ಪಾರಾಗಲು ಹೆಣಗಿ, ಹಿಮ ನಿಲ್ಲುವ ಮುನ್ನ ಕೈಗಳನ್ನು ಬಾಯಿಯ ಮುಂದೆ ತಂದು ಗಾಳಿಗೆ ಜಾಗ ಮಾಡಿಕೊಳ್ಳಿ.

ರಸ್ತೆಯ ವಿಷಯ

ನಮ್ಮಲ್ಲಿ ಹೆಚ್ಚಿನವರು ಹಿಮ ಕುಸಿಯುವ ಜಾಗಕ್ಕೆ ಹೋಗುವುದೇ ಇಲ್ಲ, ಆದರೆ ಎಲ್ಲರೂ ಕಾರು ಓಡಿಸುತ್ತೇವೆ. ಕ್ಯಾಲ್‌ಟ್ರಾನ್ಸ್‌ನ 800-427-7623ಕ್ಕೆ ಕರೆ ಮಾಡಿದರೆ ರಸ್ತೆಯ ಸ್ಥಿತಿ ತಿಳಿಯುತ್ತದೆ. ಚೈನ್ ನಿಯಮದಲ್ಲಿ ಆರ್-1, ಆರ್-2, ಆರ್-3 ಎಂದು ಮೂರು ಹಂತ. ಆರ್-2 ಇದ್ದಾಗ ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇರುವ ಫೋರ್ ವೀಲ್ ಅಥವಾ ಆಲ್ ವೀಲ್ ಡ್ರೈವ್ ಗಾಡಿಗಳಿಗೆ ಮಾತ್ರ ಚೈನಿನಿಂದ ವಿನಾಯಿತಿ. ಆರ್-3ರಲ್ಲಿ ಯಾರಿಗೂ ವಿನಾಯಿತಿಯಿಲ್ಲ. ಬಾಡಿಗೆ ಕಾರಾದರೆ ಚೈನ್ ಹಾಕಲು ಕರಾರಿನಲ್ಲಿ ಒಪ್ಪಿಗೆ ಇದೆಯೇ ನೋಡಿಕೊಳ್ಳಿ. ಹಿಮದಲ್ಲಿ ಕಾರು ಸಿಕ್ಕಿಕೊಂಡರೆ ಕಾರಿನಲ್ಲೇ ಇರಿ. ಹೀಟರ್ ಹಾಕುವ ಮುನ್ನ ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯಿರಿ, ಇಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿ ನಿದ್ದೆಯಲ್ಲೇ ಜೀವ ಹೋಗಬಹುದು.

ಹೊರಡುವ ಮುನ್ನ

1. ಹವಾಮಾನ, ರಸ್ತೆ, ಹಿಮಕುಸಿತದ ಮುನ್ಸೂಚನೆ ಮೂರನ್ನೂ ಹಿಂದಿನ ರಾತ್ರಿ ಮತ್ತು ಬೆಳಿಗ್ಗೆ ನೋಡಿ.
2. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಊರಲ್ಲಿರುವ ಒಬ್ಬರಿಗೆ ಹೇಳಿ. ಬರದಿದ್ದರೆ ಯಾವಾಗ 911ಕ್ಕೆ ಕರೆ ಮಾಡಬೇಕೆಂದೂ ಹೇಳಿ.
3. ಜೀನ್ಸ್, ಹತ್ತಿ ಸ್ವೆಟರ್ ಒದ್ದೆಯಾದರೆ ಚಳಿ ತಡೆಯುವುದಿಲ್ಲ. ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆ, ಒಂದು ಜೊತೆ ಒಣ ಕಾಲುಚೀಲ ಇರಲಿ.
4. ಚೈನ್, ಸಲಿಕೆ, ಕಂಬಳಿ, ಟಾರ್ಚ್, ಫೋನ್ ಚಾರ್ಜರ್, ಕುಡಿಯುವ ನೀರು, ಒಂದು ದಿನಕ್ಕಾಗುವ ತಿಂಡಿ, ಹಿರಿಯರ ಮಾತ್ರೆಗಳು ಕಾರಿನಲ್ಲಿರಲಿ.
5. ಸ್ಲೆಡ್ಡಿಂಗಿಗೆ ರಸ್ತೆಬದಿಯ ಇಳಿಜಾರು ಬೇಡ. ಕೆಳಗೆ ಮರ, ಬಂಡೆ, ವಾಹನ ಇಲ್ಲದ ಸ್ನೋ ಪ್ಲೇ ಜಾಗವನ್ನೇ ಆರಿಸಿ.
6. ರೆಸಾರ್ಟಿನ ಹಗ್ಗ ದಾಟಬೇಡಿ. ಮ್ಯಾಮತ್‌ನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಅದು ಜ್ವಾಲಾಮುಖಿ ಪರ್ವತ. 2006ರ ಏಪ್ರಿಲ್‌ನಲ್ಲಿ ನೆಲದಿಂದ ಬರುವ ವಿಷಾನಿಲ ಕೊರೆದ ಹಿಮದ ಗುಂಡಿಯಲ್ಲಿ ಅಲ್ಲಿನ ಪೆಟ್ರೋಲ್ ಸಿಬ್ಬಂದಿಯೇ ಮೂವರು ಸತ್ತಿದ್ದಾರೆ.
7. ಗುಂಪಿನಲ್ಲಿ ಒಬ್ಬರು "ಬೇಡ, ಹಿಂದಿರುಗೋಣ" ಎಂದರೆ ಎಲ್ಲರೂ ಹಿಂದಿರುಗಿ. ಹೇಳಿದವರು ಮಕ್ಕಳಾಗಿದ್ದರೂ ಸರಿ.

ಬೆಟ್ಟ ಮುಂದಿನ ವಾರವೂ ಅಲ್ಲೇ ಇರುತ್ತದೆ. ಸ್ನೋ ಮ್ಯಾನ್ ಕಟ್ಟಿ, ಬಿಸಿ ಬಿಸಿ ಕಾಫಿ ಕುಡಿದು, ಎಲ್ಲರೂ ಕ್ಷೇಮವಾಗಿ ಮನೆಗೆ ಬನ್ನಿ. ಈ ಮಾಹಿತಿಯನ್ನು ಈ ರಜೆಯಲ್ಲಿ ಹಿಮಕ್ಕೆ ಹೊರಟಿರುವ ನಿಮ್ಮ ಗೆಳೆಯರಿಗೂ ತಲುಪಿಸಿ.